ಗೆರೆಯಾಚೆ ನಿಂತ ಟೆಂಪೊ

ಓರ್ಲಿ, ಗೋವಾ
12 ಸೆಪ್ಟೆಂಬರ್ 2024

ಪ್ರೀತಿಯ ಮಿಂಗೆಲ್,

ಫೋನಿನಲ್ಲಿ ಪ್ರೀತಿ, ಪತ್ರದಲ್ಲಿ ವ್ಯಾಪಾರ ಎಂದು ಮದುವೆಯಾದ ವರ್ಷ ಕಟ್ಟಳೆ ಮಾಡಿದವನು ನೀನೇ. ಭಾನುವಾರ ಅದನ್ನು ಮುರಿದವನೂ ನೀನೇ. "ಲ್ಯಾಪ್‌ಟಾಪ್ ಇರೋವಾಗ ಹೊಸ ಮಶೀನ್ ಯಾಕೆ? ಸುಮ್ನಿರು" ಎಂದು ಫೋನ್ ಇಟ್ಟುಬಿಟ್ಟೆ. ಪಕ್ಕದಲ್ಲೇ ನಿನ್ನ ಮಾಯ್ ಕೂತು ಜಪಮಾಲೆ ಎಣಿಸುತ್ತಿದ್ದರು, ಅದಕ್ಕೇ ನನ್ನ ಬಾಯಿಂದ ಬರಬೇಕಾದ್ದು ಬರಲಿಲ್ಲ. ಈಗ ಬರೆಯುತ್ತೇನೆ. ಅತ್ತೆಗೆ ಇ-ಮೇಲ್ ತೆರೆಯಲು ಬರುವುದಿಲ್ಲ, ಧೈರ್ಯವಾಗಿ ಬರೆಯಬಹುದು.

ಮೊದಲು ಸುದ್ದಿ. ಸಿಲ್ವೆಸ್ತ್ರ್ ಅಂಕಲ್ ಮನೆಯ ಮದುವೆಯ ಡೀಜೆ ಕೆಲಸ ನಮಗೇ ಬಂತು! ಅವರ ತಮ್ಮನ ಮಗಳು ಜೆನೊವೇವಾ, ಹುಡುಗ ಪಕ್ಕದ ಕರ್ಮೊಣಾದವನು. ಜನವರಿ ನಾಲ್ಕಕ್ಕೆ ಹಾಲ್‌ನಲ್ಲಿ ರಿಸೆಪ್ಶನ್, ಮರುದಿನ ಹೊಸ ಜೋಡಿ ಹೆಣ್ಣಿನ ಮನೆಗೆ ಮರಳಿ ಬರುವ ಪೊರ್ತಣೆಯ ಊಟ, ಆಮೇಲೆ ಊರಿನ ಗಡಿಯಲ್ಲಿ ಶೀಂ. ಶೀಂ ಎಂದರೆ ಅಂಕಲ್ ಪಾದ್ರಿಗಿಂತ ಕಟ್ಟುನಿಟ್ಟು, ನಿನಗೆ ಗೊತ್ತಲ್ಲ. ಗಡಿಯವರೆಗೆ ವಾದ್ಯದ ಜೊತೆ ನಡೆಯಬೇಕು, ಸತ್ತ ಹಿರಿಯರನ್ನು ನೆನೆದು ರಸ್ತೆಗೆ ಅಡ್ಡವಾಗಿ ಫೆಣಿ ಸಾರಾಯಿಯ ಗೆರೆ ಸುರಿಯಬೇಕು, ಗೆರೆ ಬಿದ್ದ ಮೇಲೆ ಹೆಣ್ಣಿನ ಕಡೆಯವರು ಒಬ್ಬರೂ ಆಚೆ ಕಾಲಿಡಬಾರದು, ಆಚೆ ಇರುವವರು ಈಚೆ ಬರಬಾರದು. ಯಾವಾಗಲೂ ಬ್ಯಾಂಡು ಬರುತ್ತಿತ್ತು. ಈಗ ಬ್ಯಾಂಡಿನವರಲ್ಲಿ ಅರ್ಧ ಜನ ಇಂಗ್ಲೆಂಡಿನಲ್ಲಿ, ಕೆಲವರು ನಿನ್ನ ಹಾಗೆ ಹಡಗಿನಲ್ಲಿ, ಊರಲ್ಲಿ ಉಳಿದವನು ಡೋಲಿನ ಮುದುಕ ಒಬ್ಬನೇ. "ಶೀಂಗೂ ನೀನೇ ಬಾ ಲಿಬರಾತಾ" ಎಂದರು ಅಂಕಲ್. "ಆದ್ರೆ ವೆಳಿ ಊರಿನ ಮದುವೇಲಿ ಆದಂಗೆ ಇಲ್ಲೂ ಆದ್ರೆ, ಮುಂದಿನ ಸಲದಿಂದ ಮಡಗಾಂವಿನವ್ರನ್ನ ಕರೆಸ್ತೀನಿ. ಆಗ ಮುಖ ದಾಕ್ಷಿಣ್ಯ ನೋಡಲ್ಲ."

ವೆಳಿಯನ್ನು ಯಾರೂ ಮರೆಯುವುದಿಲ್ಲ. ಮದುಮಗಳು ಬಾಗಿಲಲ್ಲಿ ಬಿಳಿ ಗೌನಿನ ಬಾಲ ಹಿಡಿಸಿಕೊಂಡು ನಿಂತಿದ್ದಾಳೆ, ಒಳಗೆ ನಡೆದು ಬರುವ ಮಾರ್ಚ್ ಹಾಡು ಶುರುವಾಗಿದೆ, ಎರಡು ಹೆಜ್ಜೆ ಇಟ್ಟಿದ್ದಾಳೆ, ನಿನ್ನ ಲ್ಯಾಪ್‌ಟಾಪ್ ಮಹಾರಾಯ ನೀಲಿ ಮುಖ ಮಾಡಿಕೊಂಡು "ದಯವಿಟ್ಟು ಕಾಯಿರಿ" ಎಂದು ಗಿರ್ರನೆ ತಿರುಗತೊಡಗಿದ. ಅವಳು ಒಂದು ಕಾಲು ಎತ್ತಿಕೊಂಡೇ ಕಾದಳು ಪಾಪ. ಹಾಲ್ ತುಂಬ ನಗು. ಬಿಲ್ಲಿನ ಮೇಲೆ "ಮಿಂಗೆಲ್ ಸೌಂಡ್" ಎಂದಿದೆ, ಆದರೆ ಅಲ್ಲಿ ನಿಂತು ಬೆವರು ಒರೆಸಿಕೊಂಡವಳು ನಾನು.

ಅದಕ್ಕೇ ಕೇಳುತ್ತಿದ್ದೇನೆ. ಸ್ಟ್ಯಾಂಡ್‌ಅಲೋನ್ ಕಂಟ್ರೋಲರ್ ಎಂದು ಬಂದಿದೆ, ಲ್ಯಾಪ್‌ಟಾಪಿನ ಹಂಗಿಲ್ಲದೆ ತಾನೇ ನಿಲ್ಲುವಂಥದ್ದು. ಎರಡು ತಟ್ಟೆ, ನಡುವೆ ಪರದೆ, ಎಲ್ಲ ಅದರ ಹೊಟ್ಟೆಯಲ್ಲೇ. ಹಾಡು ತುಂಬಿದ ಯುಎಸ್‌ಬಿ ಸ್ಟಿಕ್ ಚುಚ್ಚಿದರೆ ಆಯಿತು. ವೈರುಗಳ ಸಿಕ್ಕು ಇಲ್ಲ, ನಡುವೆ ಬರುವ ಸಂದೇಶಗಳಿಲ್ಲ, ಬ್ಯಾಟರಿ ಡಬ್ಬಕ್ಕೆ ಕಟ್ಟಿ ಟೆಂಪೊದಲ್ಲಿ ಇಟ್ಟರೆ ರಸ್ತೆಯಲ್ಲೂ ನಡೆಯುತ್ತದೆ. ಶೀಂಗೆ ಇನ್ನೇನು ಬೇಕು?

ಜನವರಿ ಕೊನೆಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಈ ಮದುವೆ ಗೆದ್ದರೆ ಸೀಸನ್ ನಮ್ಮದು. ಸೀಸನ್ ನಮ್ಮದಾದರೆ ನೀನು ಮುಂದಿನ ಕಾಂಟ್ರಾಕ್ಟಿಗೆ ಸಹಿ ಹಾಕಬೇಕಾಗಿಲ್ಲ. ನನಗೆ ಬೇಕಾದ್ದು ಇದೊಂದೇ. ಯೋಚಿಸಿ ಬರೆ, ಪಾತ್ರಾಂವ್. ನೀನು ನನ್ನ ಯಜಮಾನ ತಾನೇ, ಹೆಸರಿಗಾದರೂ!

ನಿನ್ನ
ಲಿಬರಾತಾ


ಪಾಲೆರ್ಮೊ ಬಂದರು
25 ಸೆಪ್ಟೆಂಬರ್

ಮುದ್ದಿನ ಲಿಬ್ಬಿ,

ಯಜಮಾನನನ್ನು ಕೇಳಿದ್ದೀಯ, ಯಜಮಾನ ಹೇಳುತ್ತಾನೆ, ಕೇಳಿಸಿಕೋ.

ನಾನು ಕ್ಯಾಸೆಟ್ಟಿನಲ್ಲಿ ಪೆನ್ಸಿಲ್ ತಿರುಗಿಸಿ ಹಾಡು ಹುಡುಕಿದವನು. ಸೀಡಿ ಕಂಡವನು, ಲ್ಯಾಪ್‌ಟಾಪ್ ಕಂಡವನು. ಅಂಗಡಿಯವನಿಗೆ ಹೊಸದು ಮಾರಬೇಕು, ಅವನು ಗುಣವನ್ನಷ್ಟೇ ಹೇಳುತ್ತಾನೆ. ದೋಷ ನನ್ನಿಂದ ಕೇಳು.

ಎಲ್ಲ ಒಂದೇ ಹೊಟ್ಟೆಯಲ್ಲಿ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಆ ಹೊಟ್ಟೆ ಕೆಟ್ಟರೆ? ಲ್ಯಾಪ್‌ಟಾಪ್ ಕೆಟ್ಟರೆ ಪಕ್ಕದ ಮನೆಯ ಹುಡುಗಿಯದನ್ನು ಬೇಡಿ ತರಬಹುದು, ಕಂಟ್ರೋಲರ್ ಕೆಟ್ಟರೆ ಲ್ಯಾಪ್‌ಟಾಪಿನಿಂದಲೇ ಹೇಗೋ ಕಾರ್ಯ ಮುಗಿಸಬಹುದು. ಇದು ಕೆಟ್ಟರೆ ಎರಡೂ ಒಟ್ಟಿಗೆ ಹೋದವು. ಓರ್ಲಿಯಲ್ಲಿ ಅಂಥದ್ದನ್ನು ಸಾಲ ಕೊಡುವವರು ಯಾರು?

ಸ್ಟಿಕ್‌ನಲ್ಲಿ ತುಂಬಿದ್ದು ಮಾತ್ರ ಹಾಡು, ಅದರಾಚೆ ಇಲ್ಲ. ನಮ್ಮ ಮದುವೆಗಳಲ್ಲಿ ಮೂರನೇ ಪೆಗ್ ಇಳಿದ ಮೇಲೆ ಮುದುಕರು ಬಂದು ಏನು ಕೇಳುತ್ತಾರೆ ಎಂದು ಸಂತ ಆಂತೋನಿಗೂ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರೆ ಎಲ್ಲಿದ್ದರೂ ಸಿಗುತ್ತದೆ. ಇದರಲ್ಲಿ ಗುಂಡಿ ತಿರುಗಿಸುತ್ತಾ ಕೂರಬೇಕು. ಇನ್ನು ಲ್ಯಾಪ್‌ಟಾಪ್ ಬೇಡ ಎನ್ನುವ ಮಾತೂ ಪೂರ್ತಿ ನಿಜವಲ್ಲ. ಪ್ರತಿ ಹಾಡಿನ ತಾಳ ಅಳೆದು, ಗುರುತು ಹಾಕಿ, ಸ್ಟಿಕ್‌ಗೆ ಇಳಿಸುವುದು ಮನೆಯ ಕಂಪ್ಯೂಟರಿನಲ್ಲೇ. ಅಡುಗೆಗೆ ಅವಳು, ಬಡಿಸುವುದಕ್ಕೆ ಇವಳು ಎಂದ ಹಾಗೆ. ಕೆಲವು ವರ್ಷ ಕಳೆದು ಕಂಪನಿಯವರು ಕೈಬಿಟ್ಟರೆ ದುಬಾರಿ ತಟ್ಟೆ ಅಷ್ಟೇ, ಅದರ ಮೇಲೆ ಮೀನು ಒಣಗಿಸಬಹುದು.

ಎಲ್ಲಕ್ಕಿಂತ ದೊಡ್ಡ ಮಾತು. ಇಂಥದ್ದನ್ನು ತಂದಿಟ್ಟರೆ ಯಾರು ಬೇಕಾದರೂ ಹಾಡು ಹಾಕಬಹುದು. ಕಲಿತ ಕೈಗೆ ಆಮೇಲೆ ಬೆಲೆ ಎಲ್ಲಿ?

ಇಲ್ಲಿ ಈಜುಕೊಳದ ಡೆಕ್ಕಿನಲ್ಲಿ ನಾನು ಲ್ಯಾಪ್‌ಟಾಪಿನಿಂದಲೇ ಬಾರಿಸುತ್ತೇನೆ. ಬಿಳಿಯರು ಕುಣಿದು ಕುಣಿದು ಸುಸ್ತಾಗುತ್ತಾರೆ. ಎಲ್ಲ ಚೆನ್ನಾಗಿದೆ. ನೀನು ಹಳೆಯದನ್ನೇ ಒರೆಸಿ ಇಟ್ಟುಕೋ. ಮಾಯ್‌ಗೆ ಮುತ್ತು.

ಮಿಂಗೆಲ್


ಓರ್ಲಿ
3 ಅಕ್ಟೋಬರ್

ಮಿಂಗೆಲ್,

ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ, ನಿನಗೆ ನೆಲ ಹೊಸದಾದರೂ ಡೊಂಕು.

ಮಡಗಾಂವಿನ ಅಂಗಡಿಯಲ್ಲಿ ಅದರ ಮುಂದೆ ಅರ್ಧ ಗಂಟೆ ನಿಂತು ಬಂದೆ. ನಿನ್ನ ದೋಷಗಳಲ್ಲಿ ಎರಡನ್ನು ಒಪ್ಪುತ್ತೇನೆ, ಉಳಿದದ್ದು ಹೊಟ್ಟೆಕಿಚ್ಚು. ಮನೆಯಲ್ಲಿ ಕೂತು ಗುರುತು ಹಾಕುವ ಕೆಲಸ ನಿಜ. ಆದರೆ ಅದನ್ನು ನಾನು ಮೀನು ಬೇಯುವಾಗ ಮಾಡುತ್ತೇನೆ, ಮದುಮಗಳು ಕಾಲೆತ್ತಿ ನಿಂತಾಗಲ್ಲ. ಕೆಟ್ಟರೆ ಎರಡೂ ಹೋಗುತ್ತವೆ ಎನ್ನುವುದೂ ನಿಜ. ಹಾಗಾದರೆ ಹಳೆಯದನ್ನು ಚೀಲದಲ್ಲಿ ಹಾಕಿ ಮೇಜಿನ ಕೆಳಗೆ ಇಟ್ಟುಕೊಂಡರಾಯಿತು, ಅಲ್ಲಿ ಅದಕ್ಕೆ ಕಾದು ಕೂರುವ ಚಟ ಇದ್ದರೆ ಕೂರಲಿ.

ಹುಡುಕುವ ಗುಂಡಿಯ ಬಗ್ಗೆ ನೀನು ಹೆದರುವುದು ಬೇಡ. ಜೋರಾಗಿ ತಿರುಗಿಸಿದರೆ ಒಂದು ಹಾಡು ಹಾರಿಹೋಗುತ್ತದೆ, ಹೆಬ್ಬೆರಳನ್ನು ಬದಿಗೆ ಒತ್ತಿ ಮೆಲ್ಲಗೆ ತಿರುಗಿಸಿದರೆ ನಿಂತಲ್ಲಿ ನಿಲ್ಲುತ್ತದೆ. ಬೆರಳು ಒದ್ದೆ ಇದ್ದರೆ ಮಾತ್ರ ಜಾರುತ್ತದೆ. ಹಳೆ ಕೊಂಕಣಿ ಕುಣಿತದ ದುಲ್‌ಪೊದ್‌ಗಳನ್ನು ಒಂದು ಕಡೆ, ಎಲ್ಲ ಬೆರೆಸಿದ ಮಸಾಲಾ ಹಾಡುಗಳನ್ನು ಒಂದು ಕಡೆ, ವಾಲ್ಟ್ಸ್ ಒಂದು ಕಡೆ ಇಟ್ಟರೆ ನನ್ನ ಮಸಾಲೆ ಡಬ್ಬಿಗಿಂತ ಬೇಗ ಸಿಗುತ್ತದೆ.

ನಿಜವಾದ ಗುಣ ಯಾವುದು ಗೊತ್ತಾ? ತಲೆ ಎತ್ತಬಹುದು! ಲ್ಯಾಪ್‌ಟಾಪಿನ ಹಿಂದೆ ನಿಂತರೆ ನಾನು ಬ್ಯಾಂಕಿನ ಗುಮಾಸ್ತೆಯ ಹಾಗೆ ಕಾಣುತ್ತೇನೆ. ಯಾರ ಕಾಲು ಸೋತಿದೆ, ಯಾವ ಆಂಟಿ ಕುರ್ಚಿಯಿಂದ ಏಳಲು ಹಾತೊರೆಯುತ್ತಿದ್ದಾಳೆ, ಏನೂ ತಿಳಿಯುವುದಿಲ್ಲ. ಇದರಲ್ಲಿ ಕೈ ಕೆಳಗೆ, ಕಣ್ಣು ಜನರ ಮೇಲೆ. ಕಾರ್ಯಕ್ರಮ ನಡೆಸುವ ಎಮ್ಸೀ ಬೊಸ್ತ್ಯಾಂವ್ ಜೋಡಿಯನ್ನು ಹರಸಿ ಟೋಸ್ಟ್ ಎತ್ತುವಾಗ ಎಷ್ಟು ಉದ್ದ ಮಾತಾಡುತ್ತಾನೆ ಎಂದು ಅವನ ಮುಖ ನೋಡಿಯೇ ಹೇಳಬೇಕು ಎಂದು ಕಲಿಸಿದವನು ನೀನೇ.

ಇನ್ನು "ಯಾರು ಬೇಕಾದರೂ" ಎಂದು ಬರೆದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಆ ಯಾರು ಯಾರು?

ಲಿಬರಾತಾ


ವಾಲೆನ್ಸಿಯಾ
16 ಅಕ್ಟೋಬರ್

ಲಿಬ್ಬಿ,

ಹೇಳಿದ ಮೇಲೂ ಹಟ ಹಿಡಿದರೆ ಏನು ಮಾಡಲಿ. ಸಮುದ್ರದಿಂದ ಕೈ ಚಾಚಿ ನಿನ್ನ ಕಿವಿ ಹಿಂಡಲು ಆಗುವುದಿಲ್ಲ.

ಅದಕ್ಕೆ ಬಿಸಿಲು ಆಗುವುದಿಲ್ಲ. ಅರ್ಧ ಗಂಟೆ ಬಿಸಿಲಿನಲ್ಲಿಟ್ಟರೆ ಪರದೆ ಕನ್ನಡಿಯಾಗುತ್ತದೆ, ಹಾಡಿನ ಹೆಸರು ಕಾಣುವುದಿಲ್ಲ, ನಿನ್ನ ಮೂಗು ಕಾಣುತ್ತದೆ. ಆಮೇಲೆ ಕೆಳಗಿನ ತಗಡು ಕಾಯುತ್ತದೆ. ಎಡ ತಟ್ಟೆಯ ಪಕ್ಕ ಅಂಗೈ ಇಟ್ಟರೆ ದೋಸೆ ಹೆಂಚು ಮುಟ್ಟಿದ ಹಾಗೆ. ಶೀಂ ಹಾಡುಹಗಲಲ್ಲಿ. ಏನು ಮಾಡುತ್ತೀಯ?

ಗುಂಡಿ ಒತ್ತಿದವರೆಲ್ಲ ಡೀಜೆ ಆಗುವುದಿಲ್ಲ. ಈ ಯಂತ್ರ ಬಂದ ಮೇಲೆ ಎಲ್ಲರೂ ಹಾಗೆ ಅಂದುಕೊಂಡಿದ್ದಾರೆ. ಇನ್ನು ಈ ವಿಷಯ ಬೇಡ.

ಮಿಂ.


ಓರ್ಲಿ
18 ಅಕ್ಟೋಬರ್

ಮಿಂಗೆಲ್ ಅವರಿಗೆ,

ಓದಿದೆ. ಅರ್ಥವಾಯಿತು. ಏಳು ವರ್ಷದಿಂದ ನೀವು ಸಮುದ್ರದಲ್ಲಿದ್ದಾಗ ಈ ಊರಿನ ಮದುವೆ, ನಾಮಕರಣ, ಚರ್ಚಿನ ಫೆಸ್ತ್ ಎಲ್ಲ ನಡೆಸಿದವಳು ಗುಂಡಿ ಒತ್ತುವವಳು. ಸರಿ. ಬೋರ್ಡಿನ ಮೇಲೆ ನಿಮ್ಮ ಹೆಸರಿದೆ, ಅದು ಹಾಗೇ ಇರಲಿ. ಹೆಚ್ಚು ಬರೆಯುವುದಿಲ್ಲ. ನಿಮ್ಮ ಅಮ್ಮ ಚೆನ್ನಾಗಿದ್ದಾರೆ. ಭಾನುವಾರ ಫೋನ್ ಮಾಡಿದರೆ ಅವರೇ ಎತ್ತುತ್ತಾರೆ.

ಲಿಬರಾತಾ


ಓರ್ಲಿ
20 ನವೆಂಬರ್

ಮಿಂಗೆಲ್,

ತಿಂಗಳಾಯಿತು, ನೀನೂ ಬರೆಯಲಿಲ್ಲ. ಫೋನಿನಲ್ಲಿ ಮಾಯ್ ಜೊತೆ ಹವಾಮಾನ ಮಾತಾಡಿ ಇಟ್ಟುಬಿಡುತ್ತೀಯ. ಅವರು ನಿನ್ನೆ ನನ್ನನ್ನು ಕೂರಿಸಿಕೊಂಡು, "ಏನವಾ, ನನ್ನ ಮಗ ಊಟದ ವಿಷ್ಯ ಕೇಳೋದು ಬಿಟ್ಟಿದಾನೆ. ಊಟ ಕೇಳ್ದೆ ಇರೋ ಗಂಡ್ಸು ಏನೋ ಮುಚ್ಚಿಟ್ಕೊಂಡಿರ್ತಾನೆ" ಎಂದರು. ಹೆತ್ತವಳ ಮಾತು ಸುಳ್ಳಾಗುವುದಿಲ್ಲ ಎಂದು ನಿನ್ನ ಪತ್ರಗಳನ್ನು ಮತ್ತೆ ತೆರೆದೆ.

ಸಿಟ್ಟಿನಲ್ಲಿ ಓದಿದಾಗ ನನ್ನ ಮೇಲಿನ ಮಾತು ಮಾತ್ರ ಕಂಡಿತ್ತು. ಈ ಸಲ ಬೇರೆ ಕಂಡಿತು. ನೀನು ಲ್ಯಾಪ್‌ಟಾಪಿನಿಂದ ಬಾರಿಸುವವನು. ಹಾಗಿದ್ದರೆ ಎಡ ತಟ್ಟೆಯ ಪಕ್ಕ ಕಾಯುತ್ತದೆ ಎಂದು ನಿನ್ನ ಅಂಗೈಗೆ ಹೇಗೆ ಗೊತ್ತಾಯಿತು? ಅದು ಕಾಯುವುದು ಅಲ್ಲೇ. ಬಲಗಡೆ ಅಲ್ಲ, ನಡುವೆ ಅಲ್ಲ, ಅಲ್ಲೇ.

ನನಗೆ ಹೇಗೆ ಗೊತ್ತು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮಶೀನ್ ಆಗಸ್ಟಿನಿಂದ ಮನೆಯಲ್ಲಿದೆ, ಮಿಂಗೆಲ್. ಊಟದ ಮೇಜಿನ ಮೇಲೆ, ಮಾಯ್ ಹೊದಿಸಿದ ಲೇಸಿನ ಬಟ್ಟೆಯ ಕೆಳಗೆ. ಮೊದಲನೇ ಪತ್ರ ಬರೆದಾಗಲೂ ಪಕ್ಕದಲ್ಲೇ ಇತ್ತು. ನಿನ್ನಿಂದ "ಆಗಲಿ" ಅನ್ನಿಸಿ, ಆಮೇಲೆ ತಂದೆ ಎಂದು ಹೇಳೋಣ ಅಂದುಕೊಂಡಿದ್ದೆ. ಅದಕ್ಕೆ ಬದಲಾಗಿ ಅಂಗಡಿಗೆ ಕೊಟ್ಟದ್ದು ಏನು ಎಂದು ಹೇಳಲೇಬೇಕು. ನಿನ್ನ ದೊಡ್ಡ ಕರಿ ಸ್ಪೀಕರ್ ಜೋಡಿ. ಮೊದಲನೇ ಹಡಗಿನಿಂದ ಇಳಿದು ನೀನು ತಂದವು. ಈಗ ಹತ್ತು ಗಂಟೆಗೆ ಪೊಲೀಸರು ಬಂದು ನಿಲ್ಲುತ್ತಾರೆ, ಅಷ್ಟು ದೊಡ್ಡವನ್ನು ಬಾರಿಸುವವರಿಲ್ಲ, ಎತ್ತುವವರಿಲ್ಲ, ಚಿಕ್ಕ ಜೋಡಿಯೇ ಸಾಕು. ಆದರೂ ಕೇಳಿ ಕೊಡಬೇಕಿತ್ತು. ಬೈದುಕೋ, ಬೈಸಿಕೊಳ್ಳುತ್ತೇನೆ.

ಈಗ ನಿನ್ನ ಸರದಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ, ನೇರ ಹೇಳು. ಹಡಗಿನಲ್ಲಿ ಏನಾಗಿದೆ?

ಲಿಬರಾತಾ


ಜೆನೋವಾ
1 ಡಿಸೆಂಬರ್

ಲಿಬ್ಬಿ,

ಇಬ್ಬರೂ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳೇ. ಒದ್ದೆ ಬೆರಳಿಗೆ ಗುಂಡಿ ಜಾರುತ್ತದೆ ಎಂದು ನೀನು ಬರೆದಾಗಲೇ ನನಗೆ ಅನುಮಾನ ಬಂದಿತ್ತು. ಅಂಗಡಿಯಲ್ಲಿ ಯಾರಾದರೂ ಮೀನು ತೊಳೆದ ಕೈಯಲ್ಲಿ ಮಶೀನ್ ಮುಟ್ಟಲು ಬಿಡುತ್ತಾರಾ! ಆದರೆ ನಿನ್ನನ್ನು ಕೇಳಿದರೆ ನಾನೂ ಹೇಳಬೇಕಾಗುತ್ತಿತ್ತು.

ಜೂನ್‌ನಲ್ಲಿ ಡೆಕ್ಕಿಗೆ ಅದೇ ತರಹದ ಯಂತ್ರ ಬಂತು. ಮನರಂಜನೆಯ ಮುಖ್ಯಸ್ಥ ಅದರ ಹೊಟ್ಟೆಗೆ ಇಡೀ ದಿನದ ಹಾಡು ತುಂಬಿಸಿ, "ಇದಕ್ಕೆ ಪ್ರತ್ಯೇಕ ಆಳು ಬೇಕಿಲ್ಲ" ಎಂದ. ಬಿಂಗೊ ಆಡಿಸುವ ಹುಡುಗಿ ಅದರ ಗುಂಡಿಯನ್ನೂ ಒತ್ತುತ್ತಾಳೆ. ಒಳ್ಳೆಯ ಹುಡುಗಿ, ಅವಳ ತಪ್ಪಿಲ್ಲ. ನನ್ನನ್ನು ಟವೆಲ್ ಹಂಚಲು ಹಾಕಿದ್ದಾರೆ. ಅದೇ ಡೆಕ್ಕಿನಲ್ಲಿ, ಅದರ ಎದುರಿಗೇ. ಒದ್ದೆ ಟವೆಲ್ ಎಣಿಸಿಕೊಳ್ಳುತ್ತಾ ದಿನವಿಡೀ ಅದರ ಹಾಡು ಕೇಳುತ್ತೇನೆ. ಅವಳು ಊಟಕ್ಕೆ ಹೋದಾಗ "ಸ್ವಲ್ಪ ನೋಡ್ಕೊಳ್ತೀಯಾ ಮೈಕಲ್?" ಎನ್ನುತ್ತಾಳೆ, ಇಲ್ಲಿ ನನ್ನ ಹೆಸರು ಮೈಕಲ್. ಆಗ ಅಂಗೈ ಇಡುತ್ತೇನೆ. ಹಾಗೆ ಗೊತ್ತು.

ನಾಚಿಕೆಯಾಯಿತು, ಹೇಳಲಿಲ್ಲ. ಇಲ್ಲಿ ಈ ಯಂತ್ರ ನನ್ನನ್ನು ಎಬ್ಬಿಸಿ ಕಳಿಸಿತು. ಮನೆಗೂ ಅದೇ ಬಂದರೆ, ನಾನು ಬಂದು ಯಾವ ಮೂಲೆಯಲ್ಲಿ ನಿಲ್ಲಲಿ? "ಯಾರು ಬೇಕಾದರೂ" ಎಂದು ಬರೆದದ್ದು ನಿನಗಲ್ಲ, ನನ್ನ ಹೊಟ್ಟೆಯ ಉರಿ ಅದು. ಓರ್ಲಿಯಲ್ಲಿ ನಿನ್ನಂಥ ಡೀಜೆ ಇಲ್ಲ, ಇದನ್ನು ಸಿಟ್ಟಿಲ್ಲದೆ ಬರೆಯುತ್ತಿದ್ದೇನೆ, ಪ್ರಿಂಟ್ ತೆಗೆಸಿ ಇಟ್ಟುಕೋ.

ಸ್ಪೀಕರ್ ವಿಷಯ ಓದಿ ಎರಡು ದಿನ ಟವೆಲ್ ಲೆಕ್ಕ ತಪ್ಪಿಸಿದೆ. ಆಮೇಲೆ ನಗು ಬಂತು. ಅವನ್ನು ಎತ್ತಿ ಎತ್ತಿ ತಾನೇ ನನ್ನ ಬೆನ್ನು ಹೋದದ್ದು. ಹೋಗಲಿ ಪೀಡೆ.

ಜನವರಿಯಲ್ಲಿ ಹೊಸ ಕಾಂಟ್ರಾಕ್ಟಿನ ಕಾಗದ ಮುಂದಿಡುತ್ತಾರೆ. ಟವೆಲ್‌ನದೇ. ಸಹಿ ಹಾಕುವುದೋ ಬಿಡುವುದೋ ಗೊತ್ತಿಲ್ಲ ನನಗೆ.

ಮಿಂಗೆಲ್


ಓರ್ಲಿ
3 ಡಿಸೆಂಬರ್

ನನ್ನ ಮಿಂಗೆಲ್,

ಹುಚ್ಚಾ! ಆರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಮೀನು ಒಣಗಿಸುವ ಪಾಠ ಹೇಳುತ್ತಿದ್ದೆಯಾ? ಓದಿ ಅತ್ತುಬಿಟ್ಟೆ. ಆಮೇಲೆ ಆ ಮುಖ್ಯಸ್ಥನಿಗೆ ಕೊಂಕಣಿಯಲ್ಲಿ ಬರುವ ಬೈಗುಳವನ್ನೆಲ್ಲ ಬೈದೆ. ಮಾಯ್ ಎರಡು ಸೇರಿಸಿದರು, ಅವು ನನಗೂ ಗೊತ್ತಿರಲಿಲ್ಲ.

ಯಂತ್ರ ಯಾರನ್ನೂ ಎಬ್ಬಿಸಿ ಕಳಿಸುವುದಿಲ್ಲ, ಮನುಷ್ಯರು ಕಳಿಸುತ್ತಾರೆ. ಅಲ್ಲಿ ಹಾಡು ಬೆಳಗ್ಗೆಯೇ ತುಂಬಿಟ್ಟ ಡಬ್ಬಿ, ಯಾರು ಕುಣಿದರೂ ಬಿಟ್ಟರೂ ಅದೇ. ಓರ್ಲಿಯಲ್ಲಿ ಹಾಗೆ ಮಾಡಿದರೆ ಚಪ್ಪಲಿ ಬೀಳುತ್ತದೆ. ಮೂಲೆಯ ಮಾತು ಎತ್ತಿದೆಯಲ್ಲ, ಮೇಜು ಉದ್ದ ಇದೆ, ಇಬ್ಬರು ನಿಲ್ಲಬಹುದು. ಆದರೆ ಅದಕ್ಕೆ ಮದುವೆ ಗೆಲ್ಲಬೇಕು. ಈ ಯಂತ್ರವನ್ನು ಬಿಸಿಲಲ್ಲಿ ಬಲ್ಲವನು ನನಗೆ ಗೊತ್ತಿರುವಂತೆ ನೀನೊಬ್ಬನೇ. ಹೇಳು, ಶೀಂಗೆ ಏನು ಮಾಡಲಿ?

ಲಿಬರಾತಾ


ಮಾರ್ಸೇಲ್
15 ಡಿಸೆಂಬರ್

ಲಿಬ್ಬಿ,

ಒಂದೇ ತರಹ ತುಂಬಿದ ಸ್ಟಿಕ್ ಎರಡು ಇಟ್ಟುಕೋ, ಒಂದು ಯಂತ್ರದಲ್ಲಿ, ಒಂದು ಕುಪ್ಪಸದಲ್ಲಿ. ಯಂತ್ರದ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಇಡು, ಗಾಳಿ ಆಡುತ್ತದೆ. ಹಾಳಾದ ಲ್ಯಾಪ್‌ಟಾಪನ್ನೂ ಒಯ್ಯಿ.

ಎಲ್ಲಕ್ಕಿಂತ ಮುಖ್ಯ, ಟೆಂಪೊವನ್ನು ನೆರಳಲ್ಲೇ ನಿಲ್ಲಿಸು. ಏನೇ ಆಗಲಿ, ಯಾರು ಏನೇ ಹೇಳಲಿ, ನೆರಳಿಲ್ಲದೆ ನಿಲ್ಲಿಸಬೇಡ. ಮುದುಕರ ಹಾಡಿನ ಬಗ್ಗೆ ಮಾತ್ರ ನನಗಿನ್ನೂ ಭಯ. ಕ್ರಿಸ್ಮಸ್ ಶುಭಾಶಯ. ದೋದೊಲ್ ಸಿಹಿ ಎರಡು ತುಂಡು ನನ್ನ ಹೆಸರಲ್ಲಿ ತಿನ್ನು.

ಮಿಂಗೆಲ್


ಓರ್ಲಿ
7 ಜನವರಿ 2025

ಪಾತ್ರಾಂವ್,

ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಕೇಳು. ಹಾರಿಸಿ ಓದಬೇಡ.

ಶನಿವಾರದ ಹಾಲ್ ಬೆಣ್ಣೆಯ ಹಾಗೆ ನಡೆಯಿತು. ಮಾರ್ಚ್ ಶುರುವಾದಾಗ ಸಿಲ್ವೆಸ್ತ್ರ್ ಅಂಕಲ್ ಮದುಮಗಳನ್ನು ನೋಡಲೇ ಇಲ್ಲ, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಜೆನೊವೇವಾ ಕೊನೆಯ ಹೆಜ್ಜೆ ಇಟ್ಟಳು, ಹಾಡು ಅಲ್ಲೇ ಮುಗಿಯಿತು. ಅಂಕಲ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೊಸ್ತ್ಯಾಂವ್ ಟೋಸ್ಟ್ ಎತ್ತುವ ಹೊತ್ತಿಗೆ ಹುಡುಗನ ಹಲ್ಲು ಹುಟ್ಟಿದ ಕಾಲದಿಂದ ಶುರು ಮಾಡಿದ. ಅವನ ಮುಖ ನೋಡಿಕೊಂಡೇ ಕೆಳಗೆ ಮೆಲ್ಲಗೆ ಹಾಡು ಓಡಿಸಿದೆ, ಮಾತು ಮುಗಿಯುವುದಕ್ಕೂ ಹಾಡು ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

ನಿನ್ನ ಭಯ ಒಂದು ನಿಜವಾಯಿತು. ಕರ್ಮೊಣಾದ ಒಬ್ಬ ಅಜ್ಜ, ಹುಡುಗನ ತಾಯಿಯ ಚಿಕ್ಕಪ್ಪ, ಕೋಲು ಊರಿಕೊಂಡು ಬಂದು ಒಂದು ದುಲ್‌ಪೊದ್ ಕೇಳಿದರು. ದೋಣಿಯವನು ನದಿ ದಾಟಿಸಲು ಒಲ್ಲೆ ಎನ್ನುತ್ತಾನೆ, ಹುಡುಗಿ ಮೂಗುತಿ ಕೊಡುತ್ತೇನೆ ಎನ್ನುತ್ತಾಳೆ, ಅಂಥದ್ದೇನೋ. ಗುಂಡಿ ತಿರುಗಿಸಿದೆ, ಆ ತುದಿಯಿಂದ ಈ ತುದಿಗೆ. ಇಲ್ಲ. ಲ್ಯಾಪ್‌ಟಾಪ್ ತೆಗೆದೆ, ಅದು ಕಾಯಿರಿ ಎಂದಿತು! "ಇಷ್ಟೆಲ್ಲ ಲೈಟು ಮಿಣಮಿಣ ಅನ್ನುತ್ತೆ, ನನ್ನ ಹಾಡಿಲ್ವಾ ಇದ್ರಲ್ಲಿ?" ಎಂದರು ಅಜ್ಜ. ಅವರ ಮುಖ ಬಾಡಿತು. ಮೈಕ್ ಅವರ ಕೈಗೇ ಕೊಟ್ಟೆ. "ನೀವೇ ಹಾಡಿ ಅಜ್ಜಾ, ತಾಳ ನಾನು ಹಾಕ್ತೀನಿ." ಎರಡು ಸಾಲು ಹಾಡಿದರು, ಮೂರನೆಯದಕ್ಕೆ ಮರೆತರು, ಮತ್ತೆ ಅವೇ ಎರಡು ಸಾಲು. ಜನ ಅಷ್ಟಕ್ಕೇ ಕುಣಿದರು. ಆದರೆ ಅಜ್ಜನಿಗೆ ಮೂರನೇ ಸಾಲು ಬೇಕಿತ್ತು. ಅದು ಅಲ್ಲಿ ಯಾರಿಗೂ ಬರಲಿಲ್ಲ. ಅದೊಂದರಲ್ಲಿ ನೀನು ಗೆದ್ದೆ, ಮಿಂಗೆಲ್, ಒಪ್ಪಿದೆ.

ಈಗ ಶೀಂ. ಭಾನುವಾರ ಊಟ ಮುಗಿಸಿ ಹೊರಟಾಗ ಬಿಸಿಲು ನೆತ್ತಿಯಿಂದ ಇಳಿದಿರಲಿಲ್ಲ. ಟೆಂಪೊ ಓಡಿಸುತ್ತಾ ಇನಾಸ್ ಮುಂದೆ, ನಾನು ಹಿಂದೆ ಯಂತ್ರದ ಜೊತೆ ಕೊಡೆ ಹಿಡಿದು, ನಮ್ಮ ಹಿಂದೆ ಎರಡೂ ಕಡೆಯ ಜನ ಕುಣಿಯುತ್ತಾ. ಗಡಿಕಲ್ಲು ಬಂತು. ನೆರಳಿಲ್ಲ! ಓರ್ಲಿಯ ಕಡೆ ಬರೀ ಗದ್ದೆ. ಪರದೆಯಲ್ಲಿ ನನ್ನ ಮೂಗು ಕಾಣತೊಡಗಿತು, ನೀನು ಹೇಳಿದ ಹಾಗೇ. ನಿನ್ನ ಪತ್ರ ನೆನಪಾಯಿತು. "ಇನಾಸ್, ಆ ಮಾವಿನ ಮರದಡಿ ಹಾಕು!" ಎಂದೆ. ಹಾಕಿದ. ಕೆಳಗೆ ತಗಡು ತಣ್ಣಗಾಗುತ್ತಿದೆ ಎಂದು ಖುಷಿಯಾಗಿ ಹಾಡು ಹಾಕುತ್ತಿದ್ದೆ. ಅಂಕಲ್ ಕೈ ಎತ್ತಿದರು, ನಿಲ್ಲಿಸಿದೆ. ಸತ್ತವರ ಹೆಸರು ಹೇಳಿದರು. ಫೆಣಿ ಸುರಿದರು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಬಿತ್ತು.

ಆಗ ಬೊಸ್ತ್ಯಾಂವ್ ಕೂಗಿದ. "ಅಯ್ಯೋ ದೇವ್ರೇ, ನಮ್ಮ ಲಿಬರಾತಾ ಆಚೆ ನಿಂತವಳೆ!"

ಮಾವಿನ ಮರ ಕರ್ಮೊಣಾದ್ದು, ಮಿಂಗೆಲ್. ನಾನು, ಯಂತ್ರ, ಇನಾಸ್, ಟೆಂಪೊ ಎಲ್ಲ ಗೆರೆಯಾಚೆ.

ಅಂಕಲ್ ಮುಖ ನೋಡಬೇಕಿತ್ತು. ಶೀಂ ಹೇಳಿಕೊಡುವ ಮನುಷ್ಯ, ತನ್ನ ಕಡೆಯ ವಾದ್ಯವನ್ನೇ ಆಚೆ ಬಿಟ್ಟು ಗೆರೆ ಎಳೆದುಬಿಟ್ಟಿದ್ದರು. "ವಾಪಸ್ ಬಾ!" ಎಂದು ಓರ್ಲಿಯವರು. ಕರ್ಮೊಣಾದವರು ಟೆಂಪೊದ ಸುತ್ತ ನಿಂತು, "ಯಾಕೆ ಬರ್ತಾಳೆ? ಗೆರೆ ಎಳೆದವ್ರು ಯಾರು, ನೀವೇ ಅಲ್ವಾ? ಹೆಣ್ಣು ಕೊಟ್ರಿ, ವರದಕ್ಷಿಣೆಗೆ ಡೀಜೆ ಕೊಟ್ರಿ, ದೇವ್ರು ಒಳ್ಳೇದು ಮಾಡ್ಲಿ!" ಎಂದರು. ಅಂಕಲ್ ತಡಬಡಿಸಿದರು, ತಲೆ ಕೆರೆದುಕೊಂಡರು, ಕೊನೆಗೆ, "ಗೆರೆ ಅಂದ್ರೆ ಗೆರೆ. ಹೋಗವಾ, ಹೋಗು. ಆದ್ರೆ ಅಲ್ಲಿಂದ್ಲೇ ಒಂದು ನಮಗೆ ಹಾಕಿ ಹೋಗು" ಎಂದರು. ಹಾಕಿದೆ. ಹಾಡು ಕರ್ಮೊಣಾದಲ್ಲಿ, ಕುಣಿತ ಓರ್ಲಿಯಲ್ಲಿ, ನಡುವೆ ಫೆಣಿಯ ಗೆರೆ ಬಿಸಿಲಿಗೆ ಆರುತ್ತಿತ್ತು.

ಲ್ಯಾಪ್‌ಟಾಪು, ಜನರೇಟರು, ವೈರುಗಳ ಸುರುಳಿ ಇದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಇದು ನನ್ನ ಜೊತೆ ಹೊರಟಿತು. ಕರ್ಮೊಣಾ ಇಗರ್ಜಿಯ ಮುಂದಿನಿಂದ ಹುಡುಗನ ಮನೆಯವರೆಗೆ ಬಾರಿಸಿಕೊಂಡೇ ಹೋದೆ. ಜನ ಬಾಲ್ಕನಿಗೆ ಬಂದರು, ಆಂಟಿಯರು ಚಪ್ಪಲಿ ಬಿಟ್ಟು ರಸ್ತೆಗಿಳಿದರು. ಅವರೂರ ಫೆಸ್ತ್ ನಡೆಸುವ ಪ್ರೆಸಿದೆಂತ್ ಟೆಂಪೊದ ಪಕ್ಕ ನಡೆಯುತ್ತಾ, "ಬಾಯ್, ತಂಗೀ, ಮುಂದಿನ ಫೆಸ್ತಿಗೆ ನೀನೇ ಬರ್ಬೇಕು. ಈಸ್ಟರ್ ಆದ್ಮೇಲೆ ನನ್ನ ಮಗಳ ಮದುವೇನೂ ಇದೆ" ಎಂದರು. ರಾತ್ರಿ ಗೆರೆ ಮುಟ್ಟದೆ ಸುತ್ತುದಾರಿಯಲ್ಲಿ ಮನೆ ಸೇರಿದೆ, ನಿನ್ನೆಯಿಂದ ಫೋನ್ ಕೆಳಗಿಟ್ಟಿಲ್ಲ. ಎಲ್ಲರೂ "ಗೆರೆ ದಾಟಿದ ಬಾಯ್ ಇದ್ದಾರಾ?" ಎಂದೇ ಕೇಳುವುದು. ಸೀಸನ್ ನಮ್ಮದು ಮಿಂಗೆಲ್! ಇದಕ್ಕೆಲ್ಲ ಕಾರಣ ನೀನು. ನೆರಳು, ನೆರಳು ಎಂದು ಪ್ರಾಣ ತಿಂದವನು ನೀನೇ.

ನನ್ನ ಆಸೆ ನಿನಗೆ ಗೊತ್ತು. ಸಹಿ ಹಾಕಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನ ಮೇಲೆ ಹಾಕುತ್ತೀಯ. ಆದರೆ ಆ ಮೂರನೇ ಸಾಲು ನನಗೆ ಬೇಕು. ಅಜ್ಜ ನಿನ್ನೆಯಿಂದ ಮೂರು ಸಲ ಫೋನ್ ಮಾಡಿ ಕೇಳಿದ್ದಾರೆ.

ನಿನ್ನ
ಲಿಬರಾತಾ


ಜೆನೋವಾ
21 ಜನವರಿ

ಲಿಬ್ಬಿ,

ಬೆಳಗ್ಗೆ ಆಫೀಸಿಗೆ ಕರೆದು ಕಾಗದ ಮುಂದಿಟ್ಟರು, ಪೆನ್ನನ್ನೂ ಕೊಟ್ಟರು. "ಮೈಕಲ್, ಮುಂದಿನ ಸಲ ಒಳಗಿನ ಡೆಕ್ಕು, ಬಿಸಿಲಿರೋದಿಲ್ಲ" ಎಂದರು. ಪೆನ್ನು ಒಳ್ಳೆಯದಿತ್ತು. ಹಾಗೇ ವಾಪಸ್ ಕೊಟ್ಟೆ.

ಬ್ಯಾಗು ಎತ್ತಿಕೊಂಡು ಇಳಿಯುವಾಗ ಹಡಗಿನ ಏಣಿ ಮುಗಿದು ನೆಲ ಶುರುವಾಗುವಲ್ಲಿ ನಿಂತೆ. ಫೆಣಿ ಇರಲಿಲ್ಲ, ಬಾಟಲಿಯಲ್ಲಿ ನೀರಿತ್ತು. ಅಪ್ಪನ ಹೆಸರು ಹೇಳಿ ಅಡ್ಡಕ್ಕೆ ಒಂದು ಗೆರೆ ಸುರಿದೆ. ಕಾವಲಿನವನು ಓಡಿ ಬಂದು "ಏನ್ ಮಾಡ್ತಿದ್ದೀಯಾ?" ಎಂದ. "ಶೀಂ" ಎಂದೆ. ಅವನಿಗೆ ಏನು ತಿಳಿಯಬೇಕು. ಗೆರೆ ದಾಟಿ ಈಚೆ ಬಂದೆ.

ಆ ಹಾಡು ನನ್ನ ಹತ್ತಿರ ಇದೆ, ಮೂರನೇ ಸಾಲು, ನಾಲ್ಕನೆಯದೂ. ಯಾವ ಸ್ಟಿಕ್‌ನಲ್ಲೂ ಇಲ್ಲ, ನಾನು ಚಿಕ್ಕವನಿದ್ದಾಗ ಮಾಯ್ ಅಕ್ಕಿ ಆರಿಸುವಾಗ ಹಾಡುತ್ತಿದ್ದರು, ಈಗ ಅವರಿಗೂ ಮರೆತಿರಬೇಕು. ಅಜ್ಜನಿಗೆ ಹೇಳು, ಈ ವಾರವೇ ಬಂದು ಕಿವಿಯಲ್ಲಿ ಹಾಡುತ್ತೇನೆ. ಬೋರ್ಡಿಗೆ ಬಣ್ಣ ಹೊಡೆಸುವುದಾದರೆ ನಿನ್ನ ಹೆಸರು ಮೇಲೆ ಬರಲಿ.

ಶುಕ್ರವಾರ ಮಧ್ಯಾಹ್ನ ದಾಬೋಳಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ. ಇನಾಸ್ ಟೆಂಪೊ ಕಳಿಸು. ನೆರಳಲ್ಲೇ ನಿಲ್ಲಿಸಲು ಹೇಳು.

ನಿನ್ನ
ಮಿಂಗೆಲ್